ಟ್ಯಾಕ್ಸ್ ಕೋಡ್ ಬಿಆರ್, 960 ಪೌಂಡ್ ಸಂಬಳಕ್ಕೆ 192 ಹಿಡಿದಿದ್ದಾರೆ! ವಾಪಸ್ ಬರುತ್ತಾ?

ಮಲ್ನಾಡ್‌ಹುಡುಗ:
ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಎಂಎಸ್‌ಸಿ ಓದುತ್ತಿದ್ದೇನೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಂದು ಕೆಫೆಯಲ್ಲಿದ್ದೆ, ಅಲ್ಲಿ ಟ್ಯಾಕ್ಸೇ ಹಿಡಿಯಲಿಲ್ಲ. ಜನವರಿಯಿಂದ ಗೋದಾಮಿನಲ್ಲಿ ವಾರಕ್ಕೆ 20 ಗಂಟೆ ಕೆಲಸ. ಸಂಬಳ 960 ಪೌಂಡ್, ಅದರಲ್ಲಿ ಇನ್‌ಕಮ್ ಟ್ಯಾಕ್ಸ್ 192! ಫೆಬ್ರವರಿಯಲ್ಲೂ ಅಷ್ಟೇ. ಕೋಡ್ ಬಿಆರ್ ಅಂತಿದೆ. ಸ್ಟೂಡೆಂಟ್‌ಗಳಿಗೆ ಟ್ಯಾಕ್ಸ್ ಇಲ್ಲ ಅಂದಿದ್ದರಲ್ಲ?

ಲೆಕ್ಕದಪುಸ್ತಕ:
ಸ್ಟೂಡೆಂಟ್ ಅಂತ ವಿನಾಯಿತಿ ಏನೂ ಇಲ್ಲ. ವರ್ಷಕ್ಕೆ 12,570 ಪೌಂಡ್‌ವರೆಗೆ ಟ್ಯಾಕ್ಸ್ ಇಲ್ಲ, ಅದು ನಿಮಗೂ ಸಿಗುತ್ತದೆ. ಆದರೆ ಬಿಆರ್ ಅಂದರೆ ಆ 12,570 ಇನ್ನೊಂದು ಕೆಲಸದಲ್ಲಿ ಬಳಕೆಯಾಗುತ್ತಿದೆ, ಇಲ್ಲಿ ಮೊದಲ ಪೌಂಡ್‌ನಿಂದಲೇ ಶೇ. 20 ಹಿಡಿಯಿರಿ ಅಂತ. ಕೆಲಸಕ್ಕೆ ಸೇರುವಾಗ ತುಂಬುವ ಸ್ಟಾರ್ಟರ್ ಚೆಕ್‌ಲಿಸ್ಟ್ ಫಾರ್ಮ್‌ನಲ್ಲಿ ಎ, ಬಿ, ಸಿ ಪೈಕಿ ಯಾವುದಕ್ಕೆ ಟಿಕ್ ಹಾಕಿದಿರಿ? ಹಳೇ ಕೆಲಸದ ಪಿ45, ಅಂದರೆ ಕೆಲಸ ಬಿಡುವಾಗ ಕೊಡುವ ಸಂಬಳ-ಟ್ಯಾಕ್ಸ್ ಚೀಟಿ, ಕೊಟ್ಟಿದ್ದೀರಾ?

ಮಲ್ನಾಡ್‌ಹುಡುಗ:
ಪಿ45 ಬಂದೇ ಇಲ್ಲ. ಟಿಕ್ ಹಾಕಿದ್ದು ಸಿ. ಮೊದಲು ಬೇರೆ ಕೆಲಸ ಇತ್ತಲ್ಲ ಅಂತ.

ಲೆಕ್ಕದಪುಸ್ತಕ:
ಅಲ್ಲೇ ಎಡವಿದ್ದು. ಸಿ ಅಂದರೆ ಈಗಲೂ ಇನ್ನೊಂದು ಕೆಲಸ ಇದೆ ಅಂತ. ನಿಮ್ಮದು ಬಿ: ಏಪ್ರಿಲ್ 6ರ ನಂತರ ಬೇರೆ ಕೆಲಸ ಮಾಡಿದ್ದೆ, ಈಗ ಇದೊಂದೇ. ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ಆ್ಯಪ್‌ನಲ್ಲಿ ಕೆಫೆ ಕೆಲಸ ಮುಗಿದ ತಾರೀಖು ಹಾಕಿ. ಕೆಫೆಯವರಲ್ಲಿ ಪಿ45 ಕೇಳಿ, ಕೊಡಲೇಬೇಕು. ಗೋದಾಮಿನ ಮೇಸ್ತ್ರಿ ಜತೆ ಜಗಳ ಬೇಡ, ಪಾಪ ಅವನ ಕೈಯಲ್ಲಿ ಏನೂ ಇಲ್ಲ.

ಮಲ್ನಾಡ್‌ಹುಡುಗ:
ಮಾರ್ಚ್ ಸಂಬಳ ಬಂತು. ಕೋಡ್ 1257ಎಲ್ ಎಂ1. ಈ ಸಲ ಏನೂ ಹಿಡಿದಿಲ್ಲ, ಆದರೆ ಹಳೇ 384 ಬರಲೇ ಇಲ್ಲ.

ಲೆಕ್ಕದಪುಸ್ತಕ:
1257ಎಲ್ ಅಂದರೆ ಆ 12,570 ಈಗ ಈ ಕೆಲಸಕ್ಕೇ ಸಿಗುತ್ತಿದೆ ಅಂತ. ಹಳೇದು ಬರದಿದ್ದುದು ಆ ಎಂ1 ಬಾಲದ ಕೆಲಸ. ಬಾಲ ಇಲ್ಲದ 1257ಎಲ್ ಆಗಿದ್ದರೆ ಏಪ್ರಿಲ್‌ನಿಂದ ಇಲ್ಲಿವರೆಗಿನ ಲೆಕ್ಕ ಒಟ್ಟಿಗೆ ಹಾಕಿ, 384 ಮಾರ್ಚ್ ಸಂಬಳದಲ್ಲೇ ಬರುತ್ತಿತ್ತು. ಎಂ1 ಇದ್ದರೆ ಆಯಾ ತಿಂಗಳದ್ದು ಅಷ್ಟೇ, 12,570ರ ಹನ್ನೆರಡನೇ ಒಂದು ಪಾಲು. ಹಿಂದಿನದನ್ನು ತಿರುಗಿ ನೋಡುವುದಿಲ್ಲ. ಏಪ್ರಿಲ್ ಸಂಬಳದಲ್ಲಿ ಬರುತ್ತೆ ಅಂತ ಕಾಯಬೇಡಿ. ಏಪ್ರಿಲ್ 5ಕ್ಕೆ ವರ್ಷ ಮುಗಿಯಿತು, ಹೊಸ ವರ್ಷಕ್ಕೆ ಹೊಸ ಲೆಕ್ಕ. ಮೇ 31ರೊಳಗೆ ಗೋದಾಮಿನವರು ಪಿ60 (ಇಡೀ ವರ್ಷದ ಸಂಬಳ, ಟ್ಯಾಕ್ಸ್ ಲೆಕ್ಕದ ಚೀಟಿ) ಕೊಡುತ್ತಾರೆ, ಜೋಪಾನ. ಆಮೇಲೆ ಎಚ್‌ಎಂಆರ್‌ಸಿಯಿಂದ ಪಿ800 ಪತ್ರ (ಹೆಚ್ಚು ಟ್ಯಾಕ್ಸ್ ಹಿಡಿದಿದ್ದರೆ ಅದರ ಲೆಕ್ಕ) ಬಂದರೆ ಆನ್‌ಲೈನ್‌ನಲ್ಲಿ ಹಣ ಕೇಳಬಹುದು. ಊರಲ್ಲಿ ಟಿಡಿಎಸ್ ವಾಪಸ್ ಪಡೆಯಲು ರಿಟರ್ನ್ ಹಾಕುತ್ತೇವಲ್ಲ, ನಿಮ್ಮಂಥವರಿಗೆ ಇಲ್ಲಿ ಆ ತಾಪತ್ರಯ ಇಲ್ಲ.

ಕಾವೇರಿತೀರ:
ನಡುವೆ ಬಾಯಿ ಹಾಕುತ್ತೇನೆ. ರೀಫಂಡ್ ಕೊಡಿಸುತ್ತೇವೆ ಅನ್ನುವ ಏಜೆಂಟರ ಹತ್ತಿರ ಹೋಗಬೇಡಿ. ನಾನು ಹೋಗಿ, ಬಂದ ದುಡ್ಡಲ್ಲಿ ಕಾಲು ಭಾಗ ಅವರಿಗೇ ಕೊಟ್ಟೆ. ಸುಮ್ನೆ ದಂಡ. ‘ರೀಫಂಡ್ ಬಂದಿದೆ, ಕಾರ್ಡ್ ನಂಬರ್ ಹಾಕಿ’ ಅನ್ನೋ ಮೆಸೇಜ್ ಬಂದರೆ ಅದು ಮೋಸ.

ಮಲ್ನಾಡ್‌ಹುಡುಗ:
ಸೆಪ್ಟೆಂಬರ್‌ಗೆ ಊರಿಗೆ ವಾಪಸ್. ಅಷ್ಟರಲ್ಲಿ ಬರದಿದ್ದರೆ?

ಲೆಕ್ಕದಪುಸ್ತಕ:
ಆ ಟ್ಯಾಕ್ಸ್ ವರ್ಷ ಮುಗಿದ ಮೇಲೆ 4 ವರ್ಷ ಟೈಮ್ ಇದೆ. ಊರಿಂದಲೂ ಕೇಳಬಹುದು. ಇಲ್ಲಿನ ಬ್ಯಾಂಕ್ ಖಾತೆ ಮಾತ್ರ ಅವಸರದಲ್ಲಿ ಮುಚ್ಚಬೇಡಿ.

ಮಲ್ನಾಡ್‌ಹುಡುಗ:
ಥ್ಯಾಂಕ್ಸ್ ಸರ್. ಅಂದ ಹಾಗೆ ಪಿ45 ಸಿಕ್ಕಿತು. ಡಿಸೆಂಬರ್‌ನಲ್ಲೇ ಮೇಲ್ ಮಾಡಿದ್ದರಂತೆ, ಸ್ಪ್ಯಾಮ್‌ನಲ್ಲಿ ಬಿದ್ದಿತ್ತು.