ಒಲೆಯಲ್ಲಿ ಉರಿದ ರಚ್ಚು ಅನುಭೋಗವೇ, ಅಲ್ಲವೇ?

ಪ್ರಶ್ನೆ:
ಮಂಡ್ಯದ ಹತ್ತಿರ ನಮ್ಮ ಸಂಬಂಧಿಕರದೊಂದು ಆಲೆಮನೆಯಿದೆ. ಗಾಣಕ್ಕೆ ಕೊಟ್ಟ ಕಬ್ಬು ಹಾಲಾಗುತ್ತದೆ, ಕೊಪ್ಪರಿಗೆ ಕುದಿಯುವಾಗ ಸುಣ್ಣ ಬೀಳುತ್ತದೆ, ಹಾಲು ಹಿಂಡಿದ ಮೇಲೆ ಉಳಿದ ಕಬ್ಬಿನ ಸಿಪ್ಪೆ, ಅಂದರೆ ರಚ್ಚು, ಒಣಗಿ ಒಲೆಗೆ ಹೋಗುತ್ತದೆ. ಸಂಜೆಗೆ ಇವು ಯಾವುವೂ ಉಳಿದಿರುವುದಿಲ್ಲ. ಹೀಗೆ ಕಣ್ಣೆದುರೇ ಮುಗಿದುಹೋಗುವುದನ್ನು ಬಿಟ್ಟು, ಅಚ್ಚುಬೆಲ್ಲವನ್ನು ಮನೆಗೆ ಒಯ್ದು ತಿಂದದ್ದನ್ನು ಮಾತ್ರ ಅರ್ಥಶಾಸ್ತ್ರದ ಪಠ್ಯಗಳು ಅನುಭೋಗ, ಅಂದರೆ ಬಳಕೆ, ಎನ್ನುವುದೇಕೆ?

ಉತ್ತರ 1:
ವಸ್ತು ಯಾವುದಕ್ಕಾಗಿ ಕರಗಿತು ಎಂಬುದರ ಮೇಲೆ ಇದು ನಿಂತಿದೆ. ದೇಶದ ಉತ್ಪಾದನೆ, ಆದಾಯಗಳನ್ನು ಅಳೆಯುವ ರಾಷ್ಟ್ರೀಯ ಲೆಕ್ಕದಲ್ಲಿ ಇನ್ನೊಂದು ಸರಕನ್ನು ತಯಾರಿಸಲು ಬಳಸಿದ್ದು ಮಧ್ಯಂತರ ಅನುಭೋಗ, ಮನೆಮಂದಿಯ ಅಗತ್ಯ ತೀರಿಸಿದ್ದು ಅಂತಿಮ ಅನುಭೋಗ. ಒಂದೇ ಅಚ್ಚಿನ ಬೆಲ್ಲ ನಿಮ್ಮ ಮನೆಯ ಹೋಳಿಗೆಯ ಹೂರಣಕ್ಕೆ ಬಿದ್ದರೆ ಅಂತಿಮ, ಮಿಠಾಯಿ ಅಂಗಡಿಯ ಹೂರಣಕ್ಕೆ ಬಿದ್ದರೆ ಮಧ್ಯಂತರ. ಸುಮ್ಮನೆ ಲೆಕ್ಕಕ್ಕೆಂದು ಒಂದು ಟನ್ ಕಬ್ಬಿಗೆ 3,000 ರೂಪಾಯಿ, ಸುಣ್ಣ ಮತ್ತು ಡೀಸೆಲ್‌ಗೆ 300, ಅದರಿಂದ ಬಂದ 100 ಕಿಲೋ ಬೆಲ್ಲಕ್ಕೆ 4,500 ಎಂದಿಟ್ಟುಕೊಂಡರೆ, ಆಲೆಮನೆಯ ಮೌಲ್ಯವರ್ಧನೆ, ಅಂದರೆ ಬೆಲ್ಲದ ಬೆಲೆಯಲ್ಲಿ ಕೊಂಡ ಸಾಮಗ್ರಿಯ ಖರ್ಚು ಕಳೆದು ಉಳಿದದ್ದು, 1,200 ರೂಪಾಯಿ ಮಾತ್ರ. ಕೂಲಿ, ಮಾಲೀಕರ ಲಾಭ, ಗಾಣದ ಸವಕಳಿ ಎಲ್ಲವೂ ಅದರೊಳಗೇ ಬರಬೇಕು. ಕಬ್ಬಿನ ಬೆಲೆಗೆ ಬೆಲ್ಲದ ಬೆಲೆಯನ್ನೂ ಕೂಡಿಸಿದರೆ ಅದೇ ಕಬ್ಬನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಉತ್ತರ 2:
ಮೇಲಿನ ಲೆಕ್ಕದಲ್ಲಿ ರಚ್ಚು ಇಲ್ಲದಿರುವುದು ತಪ್ಪಲ್ಲ. ತನ್ನಲ್ಲೇ ಹುಟ್ಟಿ, ಅದೇ ಅವಧಿಯಲ್ಲಿ ತನ್ನ ಒಲೆಯಲ್ಲೇ ಉರಿದದ್ದು ಉತ್ಪನ್ನವಾಗಿಯೂ ದಾಖಲಾಗುವುದಿಲ್ಲ, ಮಧ್ಯಂತರ ಅನುಭೋಗವಾಗಿಯೂ ದಾಖಲಾಗುವುದಿಲ್ಲ. ಅದೇ ರಚ್ಚನ್ನು ಕಾಗದದ ಕಾರ್ಖಾನೆಗೆ ಮಾರಿದರೆ ಆಲೆಮನೆಗೆ ಉತ್ಪನ್ನ, ಕಾರ್ಖಾನೆಗೆ ಮಧ್ಯಂತರ ಅನುಭೋಗ.

ಪ್ರಶ್ನೆ ಕೇಳಿದವರು:
ಈಗ ಸ್ಪಷ್ಟವಾಯಿತು. ಹಾಗಾದರೆ ನೀರು? ನಮ್ಮದು ನಾಲೆಯ ಕೊನೆಯ ಊರಾದ್ದರಿಂದ ಕಬ್ಬು ಬೆಳೆಯುವುದು ಬೋರ್‌ವೆಲ್‌ ನಂಬಿಕೊಂಡು.

ಉತ್ತರ 1:
ಅಲ್ಲಿಯೇ ಲೆಕ್ಕ ಸೋರುವುದು. ಬೋರ್‌ವೆಲ್ ನೀರಿಗೆ ಬೆಲೆಯಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗೆ ರೈತರು ವಿದ್ಯುತ್ ಬಿಲ್ಲನ್ನೂ ಕಟ್ಟುವುದಿಲ್ಲ. ಹಾಗಾಗಿ ನೀರು ಕಬ್ಬಿನ ಖರ್ಚಿನಲ್ಲಿ ಕಾಣಿಸಿಕೊಳ್ಳದೆ, ಬೆಲ್ಲ ತಿಂದವರ ಅನುಭೋಗದ ಬೆಲೆಯಲ್ಲೂ ಸೇರುವುದಿಲ್ಲ. ಗಾಣ ಸವೆದರೆ ಅದನ್ನು ಒಟ್ಟು ಉತ್ಪನ್ನದಿಂದ ಕಳೆದು, ಉಳಿದದ್ದನ್ನು ನಿವ್ವಳ ಉತ್ಪನ್ನ ಎನ್ನುತ್ತಾರೆ, ಅಂತರ್ಜಲ ಇಳಿದರೆ ಕಳೆಯುತ್ತಿರಲಿಲ್ಲ. ನೈಸರ್ಗಿಕ ಸಂಪನ್ಮೂಲ ಬರಿದಾಗುವುದನ್ನೂ ಉತ್ಪಾದನೆಯ ವೆಚ್ಚವೆಂದೇ ಪರಿಗಣಿಸಿ, ನಿವ್ವಳ ಉತ್ಪನ್ನವನ್ನು ಲೆಕ್ಕ ಹಾಕುವಾಗ ಕಳೆಯಬೇಕೆಂಬ ನಿಯಮ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕ ಪದ್ಧತಿಗೆ ಸೇರಿದ್ದು 2025ರ ಪರಿಷ್ಕರಣೆಯಲ್ಲಿ.