14 ತಿಂಗಳು ನಿಂತಿದ್ದ 100 ಸಿ.ಸಿ. ಬೈಕು: ಚೋಕ್ ತೆಗೆದರೆ ನಿಲ್ಲುತ್ತದೆ, ಓಡಿಸುವಾಗಲೂ ನಡುವೆ ನಿಲ್ಲುತ್ತದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಬಳಸುತ್ತಿದ್ದ ನಾಲ್ಕು ಸ್ಟ್ರೋಕ್‌ನ 100 ಸಿ.ಸಿ. ಬೈಕು ಸುಮಾರು 14 ತಿಂಗಳು ಓಡದೆ ನಿಂತಿತ್ತು. ಕಿಕ್ ಸ್ಟಾರ್ಟ್, ಸ್ಲೈಡ್ ಇರುವ ಸಾಮಾನ್ಯ ಕಾರ್ಬ್ಯುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗ) ಮತ್ತು ಸಿಡಿಐ ಇಗ್ನಿಷನ್ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಗಾಡಿ ಇದು. ಇದನ್ನು ನನ್ನ ಕೈಯಿಂದಲೇ ಓಡುವ ಸ್ಥಿತಿಗೆ ತರಬೇಕೆಂಬುದು ನನ್ನ ಆಸೆ. ಈವರೆಗೆ ಎಂಜಿನ್ ಆಯಿಲ್ ಬದಲಾಯಿಸಿ, ಹೊಸ ಪ್ಲಗ್ ಹಾಕಿ, ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಒಂದು ಲೀಟರ್‌ನಷ್ಟು ಹೊಸ ಪೆಟ್ರೋಲ್ ತುಂಬಿದ್ದೇನೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತುಂಬಿಕೊಳ್ಳುವ ಬೌಲ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ರಂಧ್ರವಿರುವ ಮೇನ್ ಜೆಟ್ಟನ್ನೂ ತೊಳೆದಿದ್ದೇನೆ.

ಆದರೂ ಎರಡು ತೊಂದರೆಗಳು ಉಳಿದಿವೆ. ಮೊದಲನೆಯದು, ಚೋಕ್ ಎಳೆದರೆ ಮೂರನೆಯ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಎಂಜಿನ್ ಬಿಸಿಯಾದ ಮೇಲೂ ಚೋಕ್ ತೆಗೆದ ಕೂಡಲೇ ನಿಂತುಹೋಗುತ್ತದೆ. ಸ್ವಲ್ಪ ರೇಸ್ ಕೊಟ್ಟು ಹಿಡಿದುಕೊಂಡರೆ ಮಾತ್ರ ನಡೆಯುತ್ತದೆ, ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತದೆ. ಎರಡನೆಯದು, ಹಾಗೆಯೇ ಓಡಿಸಿಕೊಂಡು ಹೋದರೆ ಐದಾರು ನಿಮಿಷಗಳ ನಂತರ ಎಂಜಿನ್ ಬಲ ಕಳೆದುಕೊಂಡು ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪ್ಲಗ್ಗಿನ ತುದಿ ಬಿಳಿಚಿಕೊಂಡಿದೆ. ಕಾರ್ಬ್ಯುರೇಟರನ್ನೇ ಹೊಸದಾಗಿ ಹಾಕಬೇಕೇ?

ಮೊದಲ ಉತ್ತರ

ನಮಸ್ಕಾರ. ದಯವಿಟ್ಟು ಈಗಲೇ ಹೊಸ ಕಾರ್ಬ್ಯುರೇಟರ್ ಹಾಕಬೇಡಿ. ನೀವು ಕೊಟ್ಟ ವಿವರಗಳನ್ನು ನೋಡಿದರೆ ಇವು ಎರಡು ಪ್ರತ್ಯೇಕ ದೋಷಗಳೆಂದು ನನಗೆ ಅನ್ನಿಸುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಿ ಹುಡುಕಿದರೆ ಯಾವುದೂ ಸಿಗುವುದಿಲ್ಲ, ಆದ್ದರಿಂದ ಬೇರೆ ಬೇರೆಯಾಗಿಯೇ ನೋಡೋಣ.

ಚೋಕ್ ಮಾಡುವ ಕೆಲಸವೇನೆಂದರೆ ಗಾಳಿಯನ್ನು ತಡೆದು, ಒಳಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದು. ಬಿಸಿಯಾದ ಎಂಜಿನ್ನಿಗೂ ಚೋಕ್ ಬೇಕಾಗುತ್ತಿದೆ ಎಂದರೆ ಐಡ್ಲಿಂಗ್‌ಗೆ (ರೇಸ್ ಕೊಡದೆ ಎಂಜಿನ್ ನಡೆಯುವುದಕ್ಕೆ) ಸಾಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಬಿಳಿಚಿಕೊಂಡ ಪ್ಲಗ್ ಮತ್ತು ರೇಸ್ ಬಿಟ್ಟಾಗಿನ ಪಟಪಟ ಸದ್ದು ಇದನ್ನೇ ಹೇಳುತ್ತವೆ: ತೆಳುವಾದ ಮಿಶ್ರಣ ಸಿಲಿಂಡರಿನಲ್ಲಿ ಪೂರ್ತಿ ಉರಿಯದೆ ಸೈಲೆನ್ಸರಿಗೆ ಹೋಗಿ ಅಲ್ಲಿ ಉರಿಯುತ್ತದೆ. ರೇಸ್ ಕೊಟ್ಟಾಗ ಎಂಜಿನ್ ಚೆನ್ನಾಗಿ ನಡೆಯುತ್ತದೆ ಎಂಬುದು ಇಲ್ಲಿ ಬಹಳ ಬೆಲೆಯುಳ್ಳ ಸುಳಿವು. ಎಕ್ಸಲರೇಟರ್ ಮುಚ್ಚಿದ ಸ್ಥಿತಿಯಿಂದ ಸುಮಾರು ಕಾಲುಭಾಗ ತೆರೆಯುವವರೆಗೆ ಪೈಲಟ್ ಜೆಟ್, ಅಲ್ಲಿಂದ ಮುಕ್ಕಾಲು ಭಾಗದವರೆಗೆ ನೀಡಲ್, ಅದರ ಮೇಲೆ ಮೇನ್ ಜೆಟ್ ಮುಖ್ಯವಾಗಿ ಪೆಟ್ರೋಲನ್ನು ಒದಗಿಸುತ್ತವೆ. ನೀವು ತೊಳೆದದ್ದು ಮೇನ್ ಜೆಟ್ಟನ್ನು, ತೊಂದರೆ ಇರುವುದು ಪೈಲಟ್ ಜೆಟ್ಟಿನ ವ್ಯಾಪ್ತಿಯಲ್ಲಿ.

ಪೈಲಟ್ ಜೆಟ್ ಮೇನ್ ಜೆಟ್ಟಿನ ಪಕ್ಕದಲ್ಲಿ, ಕಿರಿದಾದ ಕುಳಿಯೊಂದರ ಆಳದಲ್ಲಿ ಕುಳಿತಿರುತ್ತದೆ, ಕೆಲವು ಕಾರ್ಬ್ಯುರೇಟರುಗಳಲ್ಲಿ ಅದರ ಮೇಲೆ ರಬ್ಬರ್ ಮುಚ್ಚಳವೂ ಇರುವುದರಿಂದ ಮೊದಲ ಸಲ ಬಿಚ್ಚುವವರಿಗೆ ಅದು ಕಾಣುವುದೇ ಇಲ್ಲ. ಅದರ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಪೆಟ್ರೋಲ್ ಆರಿದ ಮೇಲೆ ಉಳಿಯುವ ಅಂಟು ಆ ರಂಧ್ರವನ್ನು ಮುಚ್ಚಲು 14 ತಿಂಗಳು ಧಾರಾಳವಾಗಿ ಸಾಕು. ಜೆಟ್ ಹಿತ್ತಾಳೆಯದಾದ್ದರಿಂದ, ಅದರ ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂ ಡ್ರೈವರಿನಿಂದಲೇ ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಯಿಟ್ಟು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ದುಂಡಗಿನ ಬೆಳಕಿನ ಚುಕ್ಕೆ ಕಾಣುವವರೆಗೂ ಅದು ಸ್ವಚ್ಛವಾಗಿಲ್ಲವೆಂದೇ ತಿಳಿಯಿರಿ. ಉಕ್ಕಿನ ತಂತಿ ಅಥವಾ ಸೂಜಿಯಿಂದ ಚುಚ್ಚಬಾರದು, ರಂಧ್ರ ಹಿಗ್ಗಿದರೆ ಜೆಟ್ ಹಾಳಾದಂತೆಯೇ. ಬಿಡಿ ವಿದ್ಯುತ್ ತಂತಿಯೊಳಗಿನ ಒಂದೇ ಒಂದು ತಾಮ್ರದ ಎಳೆ ಇದಕ್ಕೆ ಸಾಕು. ಕ್ಲೀನರ್ ಬಳಸುವ ಮುನ್ನ ರಬ್ಬರಿನ ಓ-ರಿಂಗುಗಳನ್ನು ತೆಗೆದಿಡಿ, ಊದುವಾಗ ಕಣ್ಣಿಗೆ ಕನ್ನಡಕವಿರಲಿ.

ಐಡ್ಲಿಂಗ್ ಮಿಶ್ರಣವನ್ನು ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಬಿಚ್ಚುವ ಮೊದಲು, ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಬಿಗಿಯಾಗಿ ತಿರುಗಿಸಿದರೆ ಅದರ ಮೊನೆಯೂ ಅದು ಕೂರುವ ಜಾಗವೂ ಕೆಡುತ್ತವೆ.

ಎರಡನೆಯ ತೊಂದರೆಗೆ ಹೋಗುವ ಮುನ್ನ ಒಂದು ಪ್ರಶ್ನೆ: ಗಾಡಿ ನಿಂತಾಗ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಯಾವ ಸ್ಥಾನದಲ್ಲಿತ್ತು?

ಮತ್ತೊಬ್ಬರ ಉತ್ತರ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವುದು ಇಗ್ನಿಷನ್ ದೋಷವೂ ಆಗಿರಬಹುದು. ಎಂಜಿನ್ನಿನೊಂದಿಗೆ ತಿರುಗಿ ವಿದ್ಯುತ್ ಕೊಡುವ ಹಳೆಯ ಮ್ಯಾಗ್ನೆಟ್‌ಗಳಲ್ಲಿ, ಕಿಡಿ ಹಾರುವ ಕ್ಷಣವನ್ನು ಸೂಚಿಸುವ ಪಿಕಪ್ ಕಾಯಿಲ್ ಬಿಸಿಯಾದಾಗ ಒಳಗಿನ ಸಂಪರ್ಕ ಕಡಿದುಕೊಂಡು, ಆರಿದಾಗ ಮತ್ತೆ ಕೂಡಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಗಾಡಿ ನಿಂತ ಕ್ಷಣದಲ್ಲೇ, ತಣ್ಣಗಾಗಲು ಬಿಡದೆ, ಜೊತೆಯಲ್ಲಿ ಒಯ್ದ ಮತ್ತೊಂದು ಪ್ಲಗ್ಗನ್ನು ಕ್ಯಾಪಿಗೆ ಹಾಕಿ, ಅದರ ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಮಾಡಿ ಕಿಡಿ ನೋಡಿ. ಎಂಜಿನ್ನಿನ ಪ್ಲಗ್ ಅದರ ಜಾಗದಲ್ಲೇ ಇರಲಿ, ತೆರೆದ ರಂಧ್ರದಿಂದ ಹೊರಬರುವ ಪೆಟ್ರೋಲ್ ಆವಿಯ ಬಳಿ ಕಿಡಿ ಹಾರುವುದು ಅಪಾಯ. ಕಿಡಿ ಗಟ್ಟಿಯಾಗಿದ್ದರೆ ಇಗ್ನಿಷನ್ನನ್ನು ಬಿಟ್ಟುಬಿಡಿ.

ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ಇಂಟೇಕ್ ರಬ್ಬರನ್ನೂ ಒಮ್ಮೆ ನೋಡಿ. ಅಲ್ಲಿ ಬಿರುಕಿದ್ದರೂ ಗಾಳಿ ಎಳೆದುಕೊಂಡು ಮಿಶ್ರಣ ಹೀಗೆಯೇ ತೆಳುವಾಗುತ್ತದೆ. ಎಂಜಿನ್ ನಡೆಯುತ್ತಿರುವಾಗ ಆ ಜೋಡಣೆಯ ಸುತ್ತ ನೀರನ್ನು ಸಣ್ಣಗೆ ಸಿಂಪಡಿಸಿದಾಗ ಸದ್ದು ಬದಲಾದರೆ ಅಲ್ಲಿ ಸೋರಿಕೆ ಇದೆ. ಕೆಲವರು ಇದಕ್ಕೆ ಕ್ಲೀನರ್ ಸ್ಪ್ರೇ ಬಳಸುತ್ತಾರೆ, ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಅದು ಹೊತ್ತಿಕೊಳ್ಳಬಹುದಾದ್ದರಿಂದ ನಾನು ಖಂಡಿತ ಬೇಡವೆನ್ನುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪೈಲಟ್ ಜೆಟ್ ನೀವು ಹೇಳಿದ ಜಾಗದಲ್ಲೇ ಸಿಕ್ಕಿತು. ಬೆಳಕಿಗೆ ಹಿಡಿದರೆ ಪೂರ್ತಿ ಮುಚ್ಚಿಹೋಗಿತ್ತು. ಒಂದು ರಾತ್ರಿ ನೆನೆಸಿ, ತಾಮ್ರದ ಎಳೆಯಿಂದ ಬಿಡಿಸಿದ ಮೇಲೆ ದುಂಡಗಿನ ಚುಕ್ಕೆ ಕಂಡಿತು. ಈಗ ಎರಡು ನಿಮಿಷದಲ್ಲೇ ಚೋಕ್ ತೆಗೆಯಬಹುದು, ಐಡ್ಲಿಂಗ್ ಸ್ಥಿರವಾಗಿದೆ, ಪಟಪಟ ಸದ್ದು ಹೋಗಿದೆ. ಇಂಟೇಕ್ ರಬ್ಬರಿನಲ್ಲಿ ಬಿರುಕಿಲ್ಲ.

ದಾರಿಯಲ್ಲಿ ನಿಲ್ಲುವುದು ಮಾತ್ರ ಹಾಗೆಯೇ ಇದೆ. ನಿಂತ ಕ್ಷಣದಲ್ಲಿ ಕಿಡಿ ನೋಡಿದೆ, ಚೆನ್ನಾಗಿದೆ. ಪೆಟ್ರೋಲ್ ಕಡಿಮೆ ಇರುವುದರಿಂದ ಕಾಕ್ ಮೊದಲಿನಿಂದಲೂ ರಿಸರ್ವ್‌ನಲ್ಲೇ ಇದೆ.

ಮೊದಲ ಉತ್ತರ ಕೊಟ್ಟವರು

ಕಿಡಿ ಇದ್ದು ಎಂಜಿನ್ ನಿಂತಿದೆ ಎಂದರೆ ಬೌಲ್ ಖಾಲಿಯಾಗುತ್ತಿದೆ ಎಂದು ಅನುಮಾನಿಸಬೇಕು. ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಪೈಪನ್ನು ಬಿಡಿಸಿ, ಎಂಜಿನ್ ಪೂರ್ತಿ ತಣ್ಣಗಿರುವಾಗ, ತೆರೆದ ಬಯಲಿನಲ್ಲಿ, ಪೈಪಿನ ತುದಿಯನ್ನು ಡಬ್ಬಿಯೊಂದರಲ್ಲಿಟ್ಟು ಕಾಕ್ ತೆರೆದು ಕೆಲವು ನಿಮಿಷ ನೋಡಿ. ಧಾರೆ ಕ್ರಮೇಣ ಸಣ್ಣಗಾದರೆ ಟ್ಯಾಂಕಿನ ಮುಚ್ಚಳವನ್ನು ತೆರೆಯಿರಿ. ತೆರೆದ ಕೂಡಲೇ ಧಾರೆ ಮತ್ತೆ ದಪ್ಪವಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ: ಹೊರಗಿನ ಗಾಳಿ ಒಳಗೆ ಬಾರದಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ತೆರೆದರೂ ವ್ಯತ್ಯಾಸವಾಗದಿದ್ದರೆ ಅಡ್ಡಿ ಇರುವುದು ಕಾಕ್‌ನಲ್ಲೇ.

ರಿಸರ್ವ್ ಎಂದು ನೀವು ಹೇಳಿದ್ದರಿಂದ ನನ್ನ ಅನುಮಾನ ಕಾಕ್‌ನ ಕಡೆಗೇ ಹೆಚ್ಚು. ಸಾಮಾನ್ಯ ಸ್ಥಾನದಲ್ಲಿ ಕಾಕ್ ಟ್ಯಾಂಕಿನೊಳಗೆ ಎತ್ತರಕ್ಕೆ ನಿಂತ ಕೊಳವೆಯಿಂದ ಪೆಟ್ರೋಲ್ ಎಳೆಯುತ್ತದೆ, ರಿಸರ್ವ್‌ನಲ್ಲಿ ತಳದಿಂದ ಎಳೆಯುತ್ತದೆ. ತುಕ್ಕು, ನೀರು, ಕೆಸರು ಇವೆಲ್ಲ ಸೇರುವುದು ತಳದಲ್ಲೇ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಆಯಿತು. ಮೊದಲು ದಪ್ಪವಾಗಿದ್ದ ಧಾರೆ ನಾಲ್ಕನೆಯ ನಿಮಿಷಕ್ಕೆ ದಾರದಷ್ಟಾಯಿತು, ಮುಚ್ಚಳ ತೆರೆದರೂ ಬದಲಾಗಲಿಲ್ಲ. ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿದಾಗ ಅದರ ಜಾಲರಿಯ ಸುತ್ತ ಕಂದು ಬಣ್ಣದ ತುಕ್ಕಿನ ಪುಡಿ ದಪ್ಪಗೆ ಮೆತ್ತಿಕೊಂಡಿತ್ತು. ಎಂಜಿನ್ ಎಳೆಯುವಾಗ ಪುಡಿ ಜಾಲರಿಗೆ ಅಂಟಿಕೊಂಡು, ಗಾಡಿ ನಿಂತ ಮೇಲೆ ನಿಧಾನವಾಗಿ ಉದುರುತ್ತಿದ್ದುದರಿಂದಲೇ ಹತ್ತು ನಿಮಿಷದ ನಂತರ ಮತ್ತೆ ಸ್ಟಾರ್ಟ್ ಆಗುತ್ತಿತ್ತು ಎಂದು ಈಗ ಅರ್ಥವಾಯಿತು. ಜಾಲರಿ ತೊಳೆದರೆ ಸಾಕೇ, ಟ್ಯಾಂಕಿಗೂ ಏನಾದರೂ ಮಾಡಬೇಕೇ?

ಮೊದಲ ಉತ್ತರ ಕೊಟ್ಟವರು

ಜಾಲರಿಯನ್ನು ಮಾತ್ರ ತೊಳೆದರೆ ಮುಂದಿನ ವಾರ ಅದೇ ಸ್ಥಿತಿಗೆ ಬರುತ್ತದೆ. ಟ್ಯಾಂಕನ್ನು ಬಿಚ್ಚಿ, ಸೋಪಿನ ನೀರಿನಿಂದ ಪೆಟ್ರೋಲಿನ ವಾಸನೆ ಹೋಗುವವರೆಗೆ ತೊಳೆದು, ಕಾಕ್‌ನ ಜಾಗವನ್ನು ಬಿರಡೆಯಿಂದ ಮುಚ್ಚಿ, ಒಂದು ಲೀಟರ್ ನೀರಿಗೆ 50 ರಿಂದ 100 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿದ ದ್ರಾವಣವನ್ನು ತುಂಬಿ ಒಂದು ರಾತ್ರಿ ಬಿಡಿ. ಬಣ್ಣದ ಮೇಲೆ ಅದು ಚೆಲ್ಲದಂತೆ ನೋಡಿಕೊಳ್ಳಿ. ಮರುದಿನ ಹೊರಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒಮ್ಮೆ, ಬರಿಯ ನೀರಿನಿಂದ ಮತ್ತೊಮ್ಮೆ ತೊಳೆದು, ತಡಮಾಡದೆ ಒಣಗಿಸಿ, ಒಣಗಿದ ಕೂಡಲೇ ಪೆಟ್ರೋಲ್ ತುಂಬಿ. ತುಕ್ಕು ಬಿಟ್ಟ ಬರಿಯ ಕಬ್ಬಿಣ ತೇವದಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುವುದರಿಂದ ಈ ಕೊನೆಯ ಹಂತದಲ್ಲಿ ಅವಸರವೇ ಸರಿ. ಕಾಕ್ ಕೂರಿಸುವಾಗ ಅದರ ಹಳೆಯ ವಾಷರನ್ನು ಬದಲಾಯಿಸಿ.

ಪ್ರಶ್ನೆ ಕೇಳಿದವರು

ಟ್ಯಾಂಕ್ ಸ್ವಚ್ಛವಾಗಿದೆ, ಟಾರ್ಚ್ ಬಿಟ್ಟು ನೋಡಿದರೆ ತಳ ಬೂದು ಬಣ್ಣಕ್ಕೆ ತಿರುಗಿದೆ. ಆದರೆ ಮೊದಲ ದಿನ ಕಾರ್ಬ್ಯುರೇಟರಿನ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಬೌಲ್ ತೆಗೆದು ನೋಡಿದಾಗ ಬೌಲ್ ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ಕೂರುವ ಜಾಗದಲ್ಲಿ ತುಕ್ಕಿನ ಒಂದು ಕಣ ಸಿಕ್ಕಿಕೊಂಡಿತ್ತು. ಒರೆಸಿ ಕೂರಿಸಿದ ಮೇಲೆ ನಿಂತಿದೆ. ನಿನ್ನೆ ನಲವತ್ತು ನಿಮಿಷ ಎಲ್ಲಿಯೂ ನಿಲ್ಲದೆ ಓಡಿಸಿದೆ, ಪ್ಲಗ್ಗಿನ ತುದಿ ಈಗ ತಿಳಿ ಕಂದು ಬಣ್ಣಕ್ಕೆ ಬಂದಿದೆ. ವಾಲ್ವ್‌ಗಳ ಬಳಿಯ ಟ್ಯಾಪೆಟ್ ಸದ್ದೇ ಇಲ್ಲದಷ್ಟು ಎಂಜಿನ್ ಮೃದುವಾಗಿದೆ, ಅದನ್ನು ಮುಟ್ಟದೆ ಬಿಡಬಹುದಲ್ಲವೇ?

ಮತ್ತೊಬ್ಬರ ಉತ್ತರ

ಸದ್ದಿಲ್ಲ ಎಂಬ ಕಾರಣಕ್ಕೇ ಒಮ್ಮೆ ಅಳೆದು ನೋಡಿ ಎನ್ನುತ್ತೇನೆ. ವಾಲ್ವನ್ನು ಒತ್ತುವ ರಾಕರ್‌ಗೂ ವಾಲ್ವ್‌ಗೂ ನಡುವಿನ ಅಂತರ ಹೆಚ್ಚಾದರೆ ಸದ್ದು ಬಂದು ಎಚ್ಚರಿಸುತ್ತದೆ, ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ, ಸದ್ದಿಲ್ಲದೆಯೇ ಸುಟ್ಟುಹೋಗುತ್ತದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್ನಿನಲ್ಲಿ, ಮ್ಯಾಗ್ನೆಟ್‌ನ ‘ಟಿ’ ಗುರುತನ್ನು ಕವಚದ ಗುರುತಿಗೆ ಹೊಂದಿಸಿ, ಎರಡೂ ರಾಕರ್‌ಗಳು ಸ್ವಲ್ಪ ಅಲುಗಾಡುತ್ತವೆಯೇ ಎಂದು ಬೆರಳಿನಿಂದ ನೋಡಿ. ಒಂದಾದರೂ ಬಿಗಿಯಾಗಿದ್ದರೆ ಮ್ಯಾಗ್ನೆಟ್ಟನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಗುರುತಿಗೆ ಹೊಂದಿಸಿ ನೋಡಿ. ಆಗಲೂ ಬಿಗಿಯಾಗಿದ್ದರೆ ಅಲ್ಲಿ ಅಂತರವೇ ಉಳಿದಿಲ್ಲ. ಇಂತಹ ಸಣ್ಣ ಎಂಜಿನ್‌ಗಳಲ್ಲಿ ಅಂತರ ಸಾಮಾನ್ಯವಾಗಿ 0.05 ರಿಂದ 0.10 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯನ್ನೇ ಪಾಲಿಸಿ. ಲಾಕ್ ನಟ್ ಬಿಗಿ ಮಾಡುವಾಗ ಅಂತರ ಬದಲಾಗುವುದರಿಂದ, ಬಿಗಿ ಮಾಡಿದ ಮೇಲೆ ಫೀಲರ್ ಗೇಜನ್ನು (ಅಂತರ ಅಳೆಯುವ ತೆಳು ಪಟ್ಟಿ) ಮತ್ತೊಮ್ಮೆ ತೂರಿಸಿ ನೋಡಿ.