ತಾಯಿಯ ಮಾಸಾಶನ ನಿಂತಿದೆ, ತಮ್ಮನ ಕಾರ್ಡಿನ ಅವಧಿ ಮುಗಿದಿದೆ: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ತಾಯಿಗೆ 71 ವರ್ಷ. ಸಂಧ್ಯಾ ಸುರಕ್ಷಾ ಹಣ ನಾಲ್ಕು ತಿಂಗಳಿಂದ ಬಂದಿಲ್ಲ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎನ್ನುತ್ತಾರೆ, ನಾಡಕಚೇರಿಯಲ್ಲಿ ‘ಬ್ಯಾಂಕಿನಲ್ಲೇ ಕೇಳಿ’ ಎನ್ನುತ್ತಾರೆ. ಐದು ತಿಂಗಳ ಹಿಂದೆ ಅಂಚೆ ಬ್ಯಾಂಕಿನಲ್ಲಿ ಖಾತೆ ಮಾಡಿಸಿದ್ದು ಬಿಟ್ಟರೆ ಬೇರೇನೂ ಬದಲಾಗಿಲ್ಲ. ತಮ್ಮನಿಗೆ 24, ಬುದ್ಧಿಮಾಂದ್ಯತೆ ಇದೆ. ಅವನ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನ ಅವಧಿಯೂ ಮುಗಿದಿದೆ. ಮೊದಲು ಎಲ್ಲಿಗೆ ಹೋಗಲಿ?

ಎಸ್.ಕೆ., ಹಾಸನ
ಸುಳಿವು ನಿಮ್ಮ ಪತ್ರದಲ್ಲೇ ಇದೆ: ಆ ಅಂಚೆ ಖಾತೆ. ಮಾಸಾಶನ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ. ಖಾತೆಗೆ ಆಧಾರ್ ‘ಲಿಂಕ್’ ಆಗುವುದೇ ಬೇರೆ, ಬ್ಯಾಂಕುಗಳ ನಡುವೆ ಹಣ ರವಾನಿಸುವ ಸಂಸ್ಥೆ ಎನ್‌ಪಿಸಿಐ ಪಟ್ಟಿಯಲ್ಲಿ ‘ಸೀಡಿಂಗ್’ (ಸರ್ಕಾರದ ಹಣ ಹೋಗಬೇಕಾದ ಬ್ಯಾಂಕ್ ಎಂದು ದಾಖಲು) ಆಗುವುದೇ ಬೇರೆ. ಆಧಾರ್ ಎಷ್ಟು ಖಾತೆಗೆ ಲಿಂಕ್ ಆಗಿದ್ದರೂ ಸೀಡಿಂಗ್ ಒಂದೇ ಬ್ಯಾಂಕಿಗೆ. ಕೌಂಟರಿನವರು ಮೊದಲನೆಯದನ್ನು ನೋಡಿ ‘ಆಗಿದೆ’ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರ ಅದಲ್ಲ.

ತಾಯಿಯ ಆಧಾರ್‌ಗೆ ಮೊಬೈಲ್ ನಂಬರ್ ಸೇರಿದ್ದರೆ ‘ಮೈ ಆಧಾರ್’ ಜಾಲತಾಣದಲ್ಲಿ ಓಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ. ಆಮೇಲೆ ‘ಡಿಬಿಟಿ ಕರ್ನಾಟಕ’ ಆ್ಯಪ್ ತೆರೆದರೆ ಯಾವ ಯೋಜನೆಯ ಹಣ, ಯಾವ ದಿನ, ಯಾವ ಬ್ಯಾಂಕಿಗೆ ಎಂದು ಸಾಲಾಗಿ ಕಾಣುತ್ತದೆ. ಹಣ ಅಂಚೆ ಖಾತೆಗೆ ಬಿದ್ದಿದ್ದರೆ ನಾಲ್ಕೂ ತಿಂಗಳದ್ದು ಅಲ್ಲೇ ಇರುತ್ತದೆ, ಪೋಸ್ಟ್‌ಮನ್ ಬಳಿಯೇ ಬೆರಳಚ್ಚು ಕೊಟ್ಟು ಬಿಡಿಸಿಕೊಳ್ಳಬಹುದು. ಹಳೆಯ ಬ್ಯಾಂಕಿಗೇ ಬರಬೇಕೆಂದರೆ ಅಲ್ಲಿ ಸೀಡಿಂಗ್ ಒಪ್ಪಿಗೆ ಫಾರಂ ಕೇಳಿ, ‘ಬೇರೆ ಬ್ಯಾಂಕಿನಿಂದ ಬದಲಾವಣೆ’ ಎಂಬಲ್ಲಿ ಗುರುತು ಹಾಕಿ, ಈಗಿರುವ ಬ್ಯಾಂಕಿನ ಹೆಸರು ಬರೆಯಿರಿ.

ಆ್ಯಪ್‌ನಲ್ಲಿ ನಾಲ್ಕು ತಿಂಗಳೂ ಖಾಲಿ ಇದ್ದರೆ ಮಾತ್ರ ನಾಡಕಚೇರಿಗೆ ಹೋಗಿ. ಭೌತಿಕ ಪರಿಶೀಲನೆಯ ದಿನ ಮನೆಗೆ ಬೀಗ ಇದ್ದದ್ದಕ್ಕೋ, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ಆದೇಶದಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದದ್ದಕ್ಕೋ ತಡೆಹಿಡಿದಿರಬಹುದು. ಮಂಜೂರಾತಿ ಆದೇಶದ ಸಂಖ್ಯೆ ಹಾಕಿ ತಹಶೀಲ್ದಾರರಿಗೆ ಬರೆದು ಕೊಡಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ಹೊಸ ಅರ್ಜಿ ಹಾಕಿಬಿಡಿ’ ಎಂದರೆ ಒಪ್ಪಬೇಡಿ. ಹೊಸ ಮಂಜೂರಾತಿ ಹೊಸ ತಾರೀಖಿನಿಂದ ಲೆಕ್ಕ. ಹಳೆಯ ಬಾಕಿ ಕೇಳುವುದು ಆಮೇಲೆ ಕಷ್ಟ.

ಧಾರವಾಡದ ಓದುಗರು
ತಮ್ಮನ ಕಾರ್ಡಿಗೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿ.ಆರ್.ಡಬ್ಲ್ಯೂ.) ಹಿಡಿಯಿರಿ. ಆ ಕಾರ್ಡಿನ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ನವೀಕರಣಕ್ಕೆ ಹಾಕಿಸಿ, ಜಿಲ್ಲಾಸ್ಪತ್ರೆಯಲ್ಲಿ ವೈದ್ಯಕೀಯ ಮಂಡಳಿ ಕೂರುವ ವಾರ ಯಾವುದೆಂದು ಅವರಿಂದಲೇ ತಿಳಿದುಕೊಳ್ಳಿ. ಅಲ್ಲಿ ಬುದ್ಧಿ ಪರೀಕ್ಷೆಯ ಜತೆಗೆ ಸ್ನಾನ, ಊಟ, ಹಣ ಎಣಿಸುವುದು ಹೇಗೆ ಎಂದೂ ಕೇಳುತ್ತಾರೆ. ‘ಎಲ್ಲ ತಾನೇ ಮಾಡ್ಕೋತಾನೆ’ ಎಂದು ಅಭಿಮಾನಕ್ಕೆ ಹೇಳಬೇಡಿ. ಅದರ ಮೇಲೆಯೇ ಶೇಕಡಾವಾರು ನಿಂತಿದೆ, ಶೇಕಡಾವಾರಿನ ಮೇಲೆ ಮಾಸಾಶನದ ಮೊತ್ತ. ಹಳೆಯ ಪ್ರಮಾಣಪತ್ರ, ಶಾಲೆಯ ದಾಖಲೆ ಒಯ್ಯಿರಿ. ಕೈಗೆ ಬಂದ ಕೂಡಲೇ ‘ತಾತ್ಕಾಲಿಕ’ ಎಂದಿದೆಯೋ ‘ಶಾಶ್ವತ’ ಎಂದಿದೆಯೋ ನೋಡಿ.

ನೀವು ಕೇಳದೇ ಇರುವ ಇನ್ನೊಂದು ಮಾತು. 18 ದಾಟಿದ ಮೇಲೆ ಕಾನೂನಿನ ಕಣ್ಣಲ್ಲಿ ತಾಯಿ ಅವನ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ತಾಯಿಗೆ 71 ಆಗಿರುವುದರಿಂದ ನಿಮ್ಮ ಹೆಸರಿನಲ್ಲಿ ಹಾಕುವುದೇ ವಾಸಿ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಆಮೇಲೆ ವರ್ಷವರ್ಷ ಲೆಕ್ಕಪತ್ರ ಕೊಡಬೇಕಾಗುತ್ತದೆ. ಅದೇ ಟ್ರಸ್ಟ್‌ನ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಇದೆ, ಮಾಡಿಸಿ.

ಆರ್., ಮೈಸೂರು
ಕಚೇರಿಯಲ್ಲಿ ಬೇಡಿಕೊಳ್ಳುವ ಧ್ವನಿ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅಂಗವಿಕಲರಿಗೆ ಕೊಡುವ ನೆರವು ಅಂಥದ್ದೇ ಬೇರೆ ಯೋಜನೆಗಳಿಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. ನಮ್ಮಲ್ಲಿ 2021ರ ಏರಿಕೆಯಲ್ಲಿ ವಿಧವಾ ವೇತನವೂ 800, ಶೇ 40ರಿಂದ 75ರೊಳಗಿನ ಅಂಗವಿಕಲ ವೇತನವೂ 800 ಆಯಿತು. ಲೆಕ್ಕದಲ್ಲಿ 1,000 ಆಗಬೇಕಿತ್ತು. ಕೇಂದ್ರದ್ದು ಇನ್ನೂ ಕಡಿಮೆ: 60ರಿಂದ 79ರವರೆಗಿನ ವೃದ್ಧರಿಗೆ ತಿಂಗಳಿಗೆ 200 ರೂಪಾಯಿ. ಕೆಳಗಿನವರು ಸುಮ್ಮನಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ, ಸ್ವೀಕೃತಿಯ ನಕಲು ಲಗತ್ತಿಸಿ.

ಶಿರಸಿಯಿಂದ
ಅಡಕೆ ಸುಲಿದ, ಪಾತ್ರೆ ತಿಕ್ಕಿದ ಕೈಗಳ ಬೆರಳಚ್ಚು ಯಂತ್ರಕ್ಕೆ ಹತ್ತುವುದಿಲ್ಲ. ಪೋಸ್ಟ್‌ಮನ್ ಬರುವ ದಿನ ತಾಯಿಯ ಬೆರಳು ತೊಳೆದು ಒರೆಸಿ, ಒಣಗಿದ್ದರೆ ಒಂದಿಷ್ಟು ಎಣ್ಣೆ ಸವರಿ ಒರೆಸಿಬಿಡಿ. ಹೆಬ್ಬೆರಳೇ ಆಗಬೇಕೆಂದಿಲ್ಲ, ಹತ್ತರಲ್ಲಿ ಯಾವುದಾದರೂ ಆದೀತು.